ರೈತನ ಮೈಚರ್ಮ ಮತ್ತು ಕೀಟನಾಶಕ: ಒಂದು ಚರಿತ್ರೆ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆ ಬೆಳಗಿನ ಹೊತ್ತು ಹೊಲಗಳ ನಡುವೆ ನೀವು ನಡೆದು ಹೋಗಿದ್ದರೆ ಒಂದು ನೋಟ ನಿಮಗೆ ಹೊಸದಲ್ಲ. ಕೃಷ್ಣೆ, ಘಟಪ್ರಭೆಯರ ನೀರುಂಡು ಬೆಳೆದ ಕಬ್ಬು, ಅರಿಶಿನ, ದ್ರಾಕ್ಷಿ, ದಾಳಿಂಬೆ. ಅವುಗಳ ನಡುವೆ ಬೆನ್ನಿಗೆ ಪಂಪು ಕಟ್ಟಿಕೊಂಡ ಒಬ್ಬ ಮನುಷ್ಯ. ತಲೆಗೊಂದು ಟವೆಲು, ಮೈಮೇಲೆ ಹಳೆಯ ಅಂಗಿ, ಬರಿಗಾಲು. ಪಂಪಿನ ಮುಚ್ಚಳದಿಂದ ಸೋರಿದ ದ್ರಾವಣ ಇಳಿದು ಸೊಂಟದವರೆಗೆ ಅಂಗಿ ಒದ್ದೆ. ಮಾತನಾಡಿಸಿದರೆ ‘ಎಣ್ಣಿ ಹೊಡಿಯಾಕತ್ತೇನ್ರಿ’ ಎನ್ನುತ್ತಾನೆ. ಇನ್ನು ಕೆಲವು ಕಡೆ ಇದಕ್ಕೆ ‘ಔಷಧ’ ಎಂದೇ ಹೆಸರು. ವಿಷವನ್ನು ಔಷಧವೆಂದು ಕರೆದದ್ದು ನಮ್ಮ ಭಾಷೆಯ ಸೌಜನ್ಯವಿರಬಹುದು. ಆ ಹೆಸರಿನಿಂದ ಆಗಿರುವ ಹಾನಿ ಮಾತ್ರ ಸಣ್ಣದಲ್ಲ.

ಆ ಮನುಷ್ಯ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರೆ ಸಾಕಷ್ಟು ಎಚ್ಚರಿಕೆ ವಹಿಸಿದ್ದಾನೆಂದು ನಾವು ತಿಳಿಯುತ್ತೇವೆ. ವಿಷವು ಬಾಯಿಯಿಂದ ಅಥವಾ ಉಸಿರಿನಿಂದ ಒಳಹೋಗುತ್ತದೆಂಬುದು ಎಲ್ಲರ ನಂಬಿಕೆ. ಆದರೆ ಸಿಂಪಡಿಸುವವನ ಮಟ್ಟಿಗೆ ವಿಷದ ಹೆದ್ದಾರಿ ಅವನ ಚರ್ಮ. ಈ ಸಂಗತಿ ವಿಜ್ಞಾನಕ್ಕೆ ಅರವತ್ತು ವರ್ಷಗಳಿಂದ ಗೊತ್ತು. ಹೊಲಕ್ಕೆ ಅದು ಏಕೆ ತಲುಪಲಿಲ್ಲ ಎಂಬುದೇ ಈ ಚರಿತ್ರೆಯ ವಿಷಯ.

ಕಥೆ ಆರಂಭವಾಗುವುದು ಜರ್ಮನಿಯಲ್ಲಿ. 1936ರಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ವಿಜ್ಞಾನಿ ಬೆಳೆಯ ಕೀಟಗಳನ್ನು ಕೊಲ್ಲುವ ಹೊಸ ಪದಾರ್ಥವನ್ನು ಹುಡುಕುತ್ತಿದ್ದ. ರಂಜಕದಿಂದ ತಯಾರಾದ ಒಂದು ಸಂಯುಕ್ತದ ಸಣ್ಣ ಹನಿ ಪ್ರಯೋಗಾಲಯದ ಮೇಜಿನ ಮೇಲೆ ಚೆಲ್ಲಿತು. ಸ್ವಲ್ಪ ಹೊತ್ತಿನಲ್ಲೇ ಅವನಿಗೂ ಅವನ ಸಹಾಯಕನಿಗೂ ಕಣ್ಣಿನ ಪಾಪೆ ಕುಗ್ಗಿತು, ತಲೆ ಸುತ್ತಿತು, ಉಸಿರು ಕಟ್ಟಿತು. ಅದು ಟಾಬುನ್, ಯುದ್ಧದ ವಿಷಾನಿಲವೆಂದು ಮುಂದೆ ಕುಖ್ಯಾತವಾದದ್ದು. ಅದೇ ಕುಟುಂಬದ ಇನ್ನೊಂದು ಸಂಯುಕ್ತವಾದ ಪ್ಯಾರಾಥಿಯಾನನ್ನು 1944ರಲ್ಲಿ ಅವನೇ ತಯಾರಿಸಿದ. ಎರಡನೆಯ ಮಹಾಯುದ್ಧದ ನಂತರ ಅದು ‘ಫಾಲಿಡಾಲ್’ ಎಂಬ ಹೆಸರಿನಲ್ಲಿ ನಮ್ಮ ದೇಶಕ್ಕೂ ಬಂತು. ಈ ಹೆಸರನ್ನು ನಿಮ್ಮ ಅಜ್ಜ ಕೇಳಿರುತ್ತಾರೆ.

ಈ ಸಾವಯವ ರಂಜಕ ವಿಷಗಳು ಮಾಡುವ ಕೆಲಸವೇನು? ನರವು ಸ್ನಾಯುವಿಗೆ ಸಂದೇಶ ಕಳಿಸಲು ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಬಳಸುತ್ತದೆ. ಸಂದೇಶ ತಲುಪಿದೊಡನೆ ಅದನ್ನು ಒಡೆದು ಹಾಕಲು ಒಂದು ಕಿಣ್ವವಿದೆ. ವಿಷವು ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಸಂದೇಶ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಸ್ನಾಯುಗಳ ಅದುರು, ಕೊನೆಗೆ ಉಸಿರಾಟವೇ ಸೋಲುತ್ತದೆ. ಕೀಟಕ್ಕೂ ಮನುಷ್ಯನಿಗೂ ಈ ಕಿಣ್ವ ಸಮಾನ. ದಿನವೂ ಸ್ವಲ್ಪ ಸ್ವಲ್ಪ ವಿಷ ಸೇರಿದರೆ ಕಿಣ್ವ ಸದ್ದಿಲ್ಲದೆ ಕಡಿಮೆಯಾಗುತ್ತ ಹೋಗುತ್ತದೆ. ‘ಬಿಸಿಲಿಗೆ ತಲೆನೋವು ಬಂದೈತಿ’ ಎಂದು ರೈತ ಮಲಗಿಬಿಡುತ್ತಾನೆ.

ಇನ್ನು ಚರ್ಮದ ಮಾತು. ಅಮೆರಿಕದ ಡರ್‌ಹ್ಯಾಮ್ ಮತ್ತು ವುಲ್ಫ್ ಎಂಬ ಸಂಶೋಧಕರು ಒಂದು ಸರಳ ಉಪಾಯ ಹೂಡಿದರು. ಔಷಧ ಸಿಂಪಡಿಸುವವರ ಬಟ್ಟೆಯ ಮೇಲೆ ಅಲ್ಲಲ್ಲಿ ಹೀರುವ ಚೌಕಗಳನ್ನು ಅಂಟಿಸಿ, ಕೆಲಸ ಮುಗಿದ ಮೇಲೆ ಅವುಗಳಲ್ಲಿ ಎಷ್ಟು ವಿಷ ಸೇರಿದೆ ಎಂದು ಅಳೆದರು. ಈ ವಿಧಾನವನ್ನು 1962ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಉಸಿರಿನಲ್ಲಿ ಹೋಗುವುದಕ್ಕಿಂತ ಮೈಮೇಲೆ ಬೀಳುವ ಪ್ರಮಾಣ ಬಹುಪಾಲು ಹೆಚ್ಚೆಂದು ಇಂಥ ಅಳತೆಗಳಿಂದ ತಿಳಿಯಿತು. 1971ರಲ್ಲಿ ಮೈಬಾಕ್ ಎಂಬ ಚರ್ಮತಜ್ಞ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಅತ್ಯಲ್ಪ ಪ್ಯಾರಾಥಿಯಾನನ್ನು ಮನುಷ್ಯರ ಮೈಯ ಬೇರೆ ಬೇರೆ ಭಾಗಗಳಿಗೆ ಹಚ್ಚಿ, ಎಷ್ಟು ಒಳಸೇರಿತೆಂದು ಲೆಕ್ಕ ಹಾಕಿದರು. ಮುಂಗೈಯಲ್ಲಿ ಸುಮಾರು 9 ಶೇಕಡಾ, ಅಂಗೈಯಲ್ಲಿ 12, ಹೊಟ್ಟೆಯ ಮೇಲೆ 18, ನೆತ್ತಿಯಲ್ಲಿ 32, ಹಣೆಯಲ್ಲಿ 36, ಕಂಕುಳಲ್ಲಿ 64. ಪುರುಷರ ಜನನಾಂಗದ ತೆಳು ಚರ್ಮದಲ್ಲಿ ಹಚ್ಚಿದ್ದೆಲ್ಲವೂ ಒಳಹೋಗಿತ್ತು. ಪಂಪಿನಿಂದ ಸೋರಿದ ನೀರು ಬೆನ್ನಿನಿಂದ ಇಳಿದು ಎಲ್ಲಿಗೆ ಸೇರುತ್ತದೆಂದು ಈಗ ಮತ್ತೊಮ್ಮೆ ಯೋಚಿಸಿ.

ನಮ್ಮ ದೇಶದ ಕಾನೂನು ಬಂದದ್ದು ಒಂದು ದುರಂತದ ನಂತರ. 1958ರಲ್ಲಿ ಮುಂಬಯಿಯಿಂದ ಕೊಚ್ಚಿಗೆ ಹೊರಟ ಹಡಗಿನಲ್ಲಿ ಆಹಾರದ ಚೀಲಗಳ ಜೊತೆಗೆ ಫಾಲಿಡಾಲನ್ನೂ ಹೇರಲಾಗಿತ್ತು. ವಿಷ ಸೋರಿ ಹಿಟ್ಟಿಗೆ ಬೆರೆಯಿತು. ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನ್ಯಾಯಮೂರ್ತಿ ಜೆ. ಸಿ. ಶಾ ಅವರ ವಿಚಾರಣೆ ನಡೆಯಿತು. ಹತ್ತು ವರ್ಷಗಳ ನಂತರ, 1968ರಲ್ಲಿ, ಕೀಟನಾಶಕ ಕಾಯ್ದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಆ ನಿಯಮಗಳ ಕೂಸು. ವಿಷದ ದರ್ಜೆಯನ್ನು ಗೊತ್ತುಮಾಡುವ ಆ ಪಟ್ಟಿಯಲ್ಲಿ ಎರಡು ಅಳತೆಗಳಿವೆ: ಬಾಯಿಯ ಮೂಲಕ ಎಷ್ಟು ಮಾರಕ, ಚರ್ಮದ ಮೂಲಕ ಎಷ್ಟು ಮಾರಕ. ರಕ್ಷಣಾ ಉಡುಪಿನ ನಿಯಮವೂ ಸ್ಪಷ್ಟ: ವಿಷವನ್ನು ಒಳಬಿಡದ ಹೊರ ಉಡುಪು, ಮುಂಗೈಯ ಅರ್ಧದವರೆಗೆ ಬರುವ ರಬ್ಬರ್ ಕೈಗವಸು, ಕನ್ನಡಕ, ಬೂಟು.

ಅಂದರೆ ಸರ್ಕಾರಕ್ಕೆ ಚರ್ಮದ ವಿಷಯ ಗೊತ್ತಿತ್ತು. ಆದರೆ ಅದೇ ಕಾಯ್ದೆಯ 38ನೆಯ ಕಲಮನ್ನು ಓದಿ. ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ಕೀಟನಾಶಕ ಬಳಸುವವನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ! ಸಣ್ಣ ರೈತನನ್ನು ಇನ್‌ಸ್ಪೆಕ್ಟರನ ಕಾಟದಿಂದ ಉಳಿಸುವುದು ಉದ್ದೇಶವಾಗಿದ್ದರೆ ಅದು ಒಳ್ಳೆಯದೇ. ಆದರೆ ಕಾರ್ಖಾನೆಯ ಕಾರ್ಮಿಕನಿಗೆ ಸಿಕ್ಕ ಕೈಗವಸಿನ ಹಕ್ಕು ಹೊಲದ ಬದುವಿನಲ್ಲೇ ನಿಂತಿತು.

ಇನ್ನು ಉಡುಪು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ರಬ್ಬರು, ಪ್ಲಾಸ್ಟಿಕ್ಕು ತೊಟ್ಟು ಎಕರೆಗಟ್ಟಲೆ ಸಿಂಪಡಿಸುವವರಾರು? ಬೆವರಿದ, ಕಾದ ಚರ್ಮವಂತೂ ವಿಷವನ್ನು ಇನ್ನೂ ಬೇಗ ಹೀರುತ್ತದೆ. ಹಾಗೆಂದು ನಮಗೆ ಪ್ರಿಯವಾದ ಹತ್ತಿಬಟ್ಟೆ, ರಬಕವಿ-ಬನಹಟ್ಟಿಯ ಮಗ್ಗಗಳು ನೇಯ್ದು ಹೆಸರಾದ ಹತ್ತಿಬಟ್ಟೆ, ಒಣಗಿರುವವರೆಗೆ ಮಾತ್ರ ರಕ್ಷೆ. ಒದ್ದೆಯಾದ ಮೇಲೆ ಅದು ವಿಷವನ್ನು ಮೈಗೆ ಅಪ್ಪಿಸಿ ಹಿಡಿದ ಪಟ್ಟಿಯಾಗುತ್ತದೆ. ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರಿನ ಚಾಟಣಿಯ ನಂತರ ಕಣ್ಣು ಒಡೆಯಲೆಂದು ಹಚ್ಚುವ ಹೈಡ್ರೋಜನ್ ಸಯನಮೈಡ್ ಕೀಟನಾಶಕವಲ್ಲ, ನಿಜ. ಆದರೂ ಬರಿಗೈಯಲ್ಲಿ ಸ್ಪಂಜು ಹಿಡಿದು ಹಚ್ಚಿದರೆ ಚರ್ಮ ಸುಡುತ್ತದೆ. ಅಂದು ಸಂಜೆ ಮದ್ಯ ಕುಡಿದವನ ಮುಖ ಕೆಂಪೇರಿ ಎದೆ ಬಡಿದುಕೊಳ್ಳುತ್ತದೆ.

2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರಾರೂ ವಿಷ ಕುಡಿದವರಲ್ಲ. ಎತ್ತರ ಬೆಳೆದ ಗಿಡಗಳ ನಡುವೆ ಸಿಂಪಡಿಸಿದ್ದು ಅವರ ಮೈಮೇಲೆಯೇ ಬಿದ್ದಿತ್ತು. ಮರುವರ್ಷ, 2018ರಲ್ಲಿ, ಮೀಥೈಲ್ ಪ್ಯಾರಾಥಿಯಾನ್ ಸೇರಿದಂತೆ ಹಲವು ವಿಷಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿತು.

ಈ ಚರಿತ್ರೆಯ ಇತ್ತೀಚಿನ ಅಧ್ಯಾಯ ನಮ್ಮ ರಾಜ್ಯದ್ದೇ. 1955ರಲ್ಲಿ ಅಮೆರಿಕದ ವಿಲ್ಸನ್ ಮತ್ತು ಗಿನ್ಸ್‌ಬರ್ಗ್, ಕಿಣ್ವಕ್ಕೆ ಅಂಟಿದ ವಿಷವನ್ನು ಕಿತ್ತುಹಾಕಬಲ್ಲ ಆಕ್ಸೈಮ್ ಎಂಬ ವರ್ಗದ ಔಷಧವೊಂದನ್ನು ಕಂಡುಹಿಡಿದಿದ್ದರು. ಆಸ್ಪತ್ರೆಗಳಲ್ಲಿ ‘ಪಾಮ್’ ಎಂದು ಚುಚ್ಚುವುದು ಅದನ್ನೇ. ಬೆಂಗಳೂರಿನ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಪ್ರವೀಣ್ ಕುಮಾರ್ ವೆಮುಲ ಮತ್ತು ಸಂಗಡಿಗರು, ವಿಷ ಒಳಹೋದ ಮೇಲೆ ಕೊಡುವ ಈ ಗುಣವನ್ನು ಚರ್ಮದ ಹೊರಗೇ ಏಕೆ ಇಡಬಾರದೆಂದು ಯೋಚಿಸಿದರು. ಸಿಗಡಿ, ಏಡಿಗಳ ಚಿಪ್ಪಿನಿಂದ ಬರುವ ಕೈಟೋಸಾನ್‌ಗೆ ಆಕ್ಸೈಮನ್ನು ಜೋಡಿಸಿ 2018ರಲ್ಲಿ ಮೈಗೆ ಹಚ್ಚುವ ಒಂದು ಲೇಪ ತಯಾರಿಸಿದರು. ವಿಷ ತಾಗಿಸಿದ ಇಲಿಗಳನ್ನು ಅದು ಉಳಿಸಿತು. ಮುಂದೆ ಅದೇ ತತ್ವವನ್ನು ಬಟ್ಟೆಗೆ ತಂದರು. ಈ ಬಟ್ಟೆ ವಿಷವನ್ನು ಕೇವಲ ತಡೆಯುವುದಿಲ್ಲ, ತಾಗಿದೊಡನೆ ಒಡೆದುಹಾಕುತ್ತದೆ. ‘ಕಿಸಾನ್ ಕವಚ’ ಎಂಬ ಈ ಉಡುಪು 2024ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಬಿಡುಗಡೆಯಾಯಿತು. ಆಗಿನ ಬೆಲೆ 4,000 ರೂಪಾಯಿ. ಒಗೆದು ಒಂದು ವರ್ಷದವರೆಗೆ ಬಳಸಬಹುದೆಂದು ಹೇಳಲಾಯಿತು. ದಿನಗೂಲಿಗೆ ಪಂಪು ಹೊರುವವನಿಗೆ ಇದನ್ನು ಯಾರು ಕೊಡಿಸಬೇಕು? ಜಮೀನಿನ ಒಡೆಯನೇ ಕೊಡಿಸಬೇಕೆಂದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಮನೆಯಲ್ಲೇ ಆಗುವ ಕೆಲಸಗಳಿವೆ. ಡಬ್ಬಿಯ ಗಟ್ಟಿ ವಿಷವನ್ನು ನೀರಿಗೆ ಬೆರೆಸುವ ಕ್ಷಣವೇ ಎಲ್ಲಕ್ಕಿಂತ ಅಪಾಯದ್ದು. ಆಗ ಕೈಗವಸು ಬೇಕೇ ಬೇಕು, ಕಲಕಲು ಕೋಲು ಬೇಕು. ಪಂಪಿನ ವಾಷರು ಬದಲಿಸಲು ಆಗುವ ಖರ್ಚು ಅತ್ಯಲ್ಪ. ಬೆನ್ನಿಗೂ ಪಂಪಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ, ತುಂಬುತೋಳಿನ ಅಂಗಿ, ತಲೆಗೆ ಟೊಪ್ಪಿಗೆ, ಗಾಳಿ ಬರುವ ದಿಕ್ಕಿಗೆ ಬೆನ್ನು. ಮೈಮೇಲೆ ಚೆಲ್ಲಿದರೆ ಸಾಲು ಮುಗಿಯುವವರೆಗೆ ಕಾಯದೆ ಕೂಡಲೇ ಅಂಗಿ ಕಳಚಿ ಸಾಬೂನು ಹಚ್ಚಿ ತೊಳೆಯಬೇಕು. ಮತ್ತೆ, ಆ ಅಂಗಿಯನ್ನು ಸಂಜೆ ಒಗೆಯುವವರು ಸಾಮಾನ್ಯವಾಗಿ ನಿಮ್ಮ ಅವ್ವ ಅಥವಾ ಅಕ್ಕ, ಅದೂ ಬರಿಗೈಯಲ್ಲಿ, ಮಕ್ಕಳ ಬಟ್ಟೆಯ ಜೊತೆಗೆ ಒಂದೇ ಬುಟ್ಟಿಯಲ್ಲಿ. ಇಂದು ಮನೆಗೆ ಹೋದಾಗ ಆ ಬುಟ್ಟಿಯನ್ನು ಬೇರೆ ಮಾಡಿ.