ತನಗಾಗಿ ಹಚ್ಚಿದ ಒಲೆ

ವಿದ್ಯಾರ್ಥಿ ಮಿತ್ರರೇ, ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಮನೆಯವರೆಲ್ಲ ಮದುವೆಗೆಂದು ಪರಊರಿಗೆ ಹೋಗಿದ್ದಾರೆ. ಪರೀಕ್ಷೆ ಹತ್ತಿರವಿರುವುದರಿಂದ ನೀವೊಬ್ಬರೇ ಮನೆಯಲ್ಲಿ ಉಳಿದಿದ್ದೀರಿ. ಹೊರಡುವಾಗ ತಾಯಿ ಹೇಳಿದ್ದು ಇಷ್ಟೇ: "ಮೊಸರಿದೆ, ಉಪ್ಪಿನಕಾಯಿ ಇದೆ, ಅನ್ನ ಒಂದು ಮಾಡಿಕೋ." ಆದರೆ ನಿಮ್ಮ ಮನಸ್ಸು ಅಷ್ಟಕ್ಕೆ ಒಪ್ಪುವುದಿಲ್ಲ. ಎರಡು ಈರುಳ್ಳಿ ಹೆಚ್ಚಿ, ಧಾರಾಳವಾಗಿ ತುಪ್ಪ ಹಾಕಿ, ನಿಧಾನವಾಗಿ ಕೆಂಪಗೆ ಹುರಿದು, ಅದಕ್ಕೆ ಹುಳಿಪುಡಿ ಬೆರೆಸಿ, ಬಿಸಿ ಅನ್ನಕ್ಕೆ ಕಲಸಿಕೊಂಡು, ಒಂದು ಹಪ್ಪಳ ಸುಟ್ಟುಕೊಂಡು, ಯಾರ ಅವಸರವೂ ಇಲ್ಲದೆ ಉಣ್ಣುತ್ತೀರಿ.

ಇದರಲ್ಲಿ ಚರಿತ್ರೆಗೆ ಸಂಬಂಧಿಸಿದ್ದು ಏನಿದೆ ಎಂದು ನೀವು ಕೇಳಬಹುದು. ಯುದ್ಧವಿಲ್ಲ, ಒಪ್ಪಂದವಿಲ್ಲ, ಸಿಂಹಾಸನವಂತೂ ಇಲ್ಲವೇ ಇಲ್ಲ. ಆದರೆ ಒಬ್ಬ ಸಾಮಾನ್ಯ ಮನುಷ್ಯ ತನ್ನೊಬ್ಬನ ಸಂತೋಷಕ್ಕಾಗಿ ತಾನೇ ಒಲೆ ಹಚ್ಚಿ ಅಡುಗೆ ಮಾಡಿಕೊಳ್ಳುವುದು ಬಹಳ ಹಳೆಯ ಸಂಗತಿಯೇನಲ್ಲ. ಅದು ಸಾಧ್ಯವಾಗಬೇಕಾದರೆ ಒಲೆ ಬದಲಾಗಬೇಕಾಯಿತು, ಮನೆ ಬದಲಾಗಬೇಕಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸು ಬದಲಾಗಬೇಕಾಯಿತು.

ನಮ್ಮ ಪ್ರಾಚೀನ ಗ್ರಂಥಗಳು ಒಂಟಿ ಊಟವನ್ನು ಮೆಚ್ಚಿಲ್ಲ. ಋಗ್ವೇದದ ಹತ್ತನೆಯ ಮಂಡಲದ 117ನೆಯ ಸೂಕ್ತ, ಹಸಿದವನಿಗೆ ಕೊಡದೆ ತಾನೊಬ್ಬನೇ ಉಣ್ಣುವವನನ್ನು ಪಾಪಿಯೆಂದು ನಿಂದಿಸುತ್ತದೆ. ಭಗವದ್ಗೀತೆಯ ಮೂರನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಒಬ್ಬನೇ ಉಣ್ಣುವುದಷ್ಟೇ ಅಲ್ಲ, ತನಗೋಸ್ಕರವೇ ಬೇಯಿಸಿಕೊಳ್ಳುವುದೂ ದೋಷ. 12ನೆಯ ಶತಮಾನದ ಶರಣರು ದಾಸೋಹವನ್ನು ಬದುಕಿನ ಕೇಂದ್ರಕ್ಕೆ ತಂದರು. ಬಳಗವನ್ನು ಕರೆದು ತಿನ್ನುವ ಕಾಗೆಯನ್ನೂ ಕೋಳಿಯನ್ನೂ ಬಸವಣ್ಣನವರು ಒಂದು ವಚನದಲ್ಲಿ ಭಕ್ತರಿಗೆ ಮಾದರಿಯಾಗಿ ತೋರಿಸಿದ್ದಾರೆ. ಹಸಿವು ಸದಾ ಬಾಗಿಲಲ್ಲಿ ನಿಂತಿದ್ದ ಕಾಲದಲ್ಲಿ ಈ ಕಟ್ಟುನಿಟ್ಟು ಸಹಜವೇ ಆಗಿತ್ತು ಎನ್ನಬೇಕು.

ಆದರೆ ಇದಕ್ಕೆ ವಿರುದ್ಧವಾಗಿ ಕಾಣುವ ಸಾಕ್ಷ್ಯವೊಂದಿದೆ. ಕ್ರಿ.ಪೂ. 300ರ ಸುಮಾರಿಗೆ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಾಸ್ತನೀಸ್, ಭಾರತೀಯರು ಯಾವಾಗಲೂ ಒಬ್ಬೊಬ್ಬರೇ ಉಣ್ಣುತ್ತಾರೆ, ಎಲ್ಲರಿಗೂ ಸಮಾನವಾದ ಊಟದ ಹೊತ್ತು ಎಂಬುದೇ ಇವರಲ್ಲಿ ಇಲ್ಲ ಎಂದು ಬರೆದಿದ್ದ. ಅವನ ಗ್ರಂಥ ಕಳೆದುಹೋಗಿದೆ. ಈ ಮಾತು ನಮಗೆ ಸಿಗುವುದು ಸ್ಟ್ರಾಬೊ ಎಂಬ ಭೂಗೋಳಜ್ಞನ ಬರವಣಿಗೆಯಲ್ಲಿ. ಸಾಲಾಗಿ ಒರಗಿ ಕುಳಿತು, ಹರಟುತ್ತಾ ಉಣ್ಣುವ ಗ್ರೀಕರಿಗೆ ಈ ಪದ್ಧತಿ ಸಮಾಜಜೀವನಕ್ಕೆ ಒಳ್ಳೆಯದಲ್ಲವೆಂದು ತೋರಿತು. ಈ ಸಾಕ್ಷ್ಯವನ್ನು ಎಚ್ಚರಿಕೆಯಿಂದ ಓದಬೇಕೆಂದು ನನಗನ್ನಿಸುತ್ತದೆ. ಉಣ್ಣುವವನು ಒಬ್ಬನಾಗಿರಬಹುದು, ಅಡುಗೆ ಮಾತ್ರ ಮನೆಗೆಲ್ಲ ಸೇರಿದ್ದು. ಬೇರೆ ಬೇರೆ ಹೊತ್ತಿನಲ್ಲಿ ಒಬ್ಬೊಬ್ಬರೇ ಬಂದು ಎಲೆಯ ಮುಂದೆ ಕುಳಿತರೂ ಬಡಿಸುವ ಕೈ ಒಂದೇ.

ಪಾಕಶಾಸ್ತ್ರದ ಗ್ರಂಥಗಳನ್ನು ತೆರೆದರೂ ಒಂಟಿ ಅಡುಗೆಯವನು ಕಾಣಸಿಗುವುದಿಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಭಾಗ ಮೀಸಲಾಗಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಇಡ್ಡರಿಕಾ, ದೋಸಕ, ವಟಕಗಳು ಬರುತ್ತವೆ; ಆದರೆ ಅಲ್ಲಿ ಅನ್ನವೆಂಬುದು ರಾಜನ ಭೋಗಗಳಲ್ಲೊಂದು. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಷಟ್ಪದಿಯಲ್ಲಿ ಅಡುಗೆ ಹೇಳಿಕೊಡುವ ಸೊಗಸಾದ ಪುಸ್ತಕ. ಬದನೆಕಾಯಿಯೊಂದರಿಂದಲೇ ಅವನು ಮಾಡಿಸುವ ಬಗೆಗಳನ್ನು ಕಂಡರೆ ಬಾಯಲ್ಲಿ ನೀರೂರುತ್ತದೆ. ಅದೂ ಕೂಡ ಆಳುಕಾಳುಗಳಿದ್ದ ದೊಡ್ಡ ಅಡುಗೆಮನೆಗೆ ಒಪ್ಪುವ ಪುಸ್ತಕವೇ. ರೋಮ್‌ನ ಸಿರಿವಂತ ಸೇನಾನಿ ಲುಕುಲಸ್‌ನ ಕಥೆಯೂ ಹೀಗೆಯೇ. ಅತಿಥಿಗಳಿಲ್ಲದ ದಿನ ಸಾದಾ ಊಟ ಬಡಿಸಿದ ಕೆಲಸದವನನ್ನು ಕರೆದು, ಈ ದಿನದ ಅತಿಥಿ ಲುಕುಲಸ್‌ನೇ ಎಂಬುದು ನಿನಗೆ ತಿಳಿಯದೇ ಎಂದು ಗದರಿಸಿದನಂತೆ. ಇದನ್ನು ಹೇಳಿದವನು ಪ್ಲೂಟಾರ್ಕ್. ಲುಕುಲಸ್ ಉಂಡಿದ್ದು ಒಬ್ಬನೇ, ಬೆವರು ಸುರಿಸಿದ್ದು ಮಾತ್ರ ಅಡುಗೆಯಾಳುಗಳು.

ಹಾಗಾದರೆ ತಾನೇ ಬೇಯಿಸಿಕೊಂಡು ತಾನೇ ಉಣ್ಣುವವರು ನಮ್ಮಲ್ಲಿ ಇರಲೇ ಇಲ್ಲವೇ? ಇದ್ದರು. ಅದಕ್ಕೊಂದು ಹೆಸರೂ ಇತ್ತು: ಸ್ವಯಂಪಾಕ. ಪರರು ಮುಟ್ಟಿದ ಅನ್ನವನ್ನು ಉಣ್ಣದ ಮಡಿವಂತರು ಯಾತ್ರೆಗೆ ಹೋದಾಗ ಛತ್ರದ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಅಕ್ಕಿ ಬೇಳೆಯ ಪಡಿ ಪಡೆದು, ತಾವೇ ಬೇಯಿಸಿಕೊಳ್ಳುತ್ತಿದ್ದರು. ಇಲ್ಲಿ ರುಚಿಯ ಪ್ರಶ್ನೆಯಿಲ್ಲ, ಜಾತಿಯ ಮತ್ತು ಶುದ್ಧಿಯ ಪ್ರಶ್ನೆಯಿದೆ. ಮನೆಯೊಳಗೂ ಒಬ್ಬ ಸ್ವಯಂಪಾಕಿ ಇರುತ್ತಿದ್ದಳು: ಗಂಡನನ್ನು ಕಳೆದುಕೊಂಡ ಅಜ್ಜಿ, ಅತ್ತೆ ಅಥವಾ ದೊಡ್ಡಮ್ಮ. ಮಡಿಯಲ್ಲಿ ಪುಟ್ಟ ಪಾತ್ರೆಯಿಟ್ಟು ತನ್ನದನ್ನು ತಾನು ಬೇಯಿಸಿಕೊಳ್ಳುತ್ತಿದ್ದ ಆಕೆ ಒಪ್ಪೊತ್ತಿನವಳು. ಹಗಲು ಒಮ್ಮೆ ಅನ್ನ. ರಾತ್ರಿಗೆ ಅವಲಕ್ಕಿಯೋ ಉಪ್ಪಿಟ್ಟೋ, ಅದಕ್ಕೆ ಫಲಾಹಾರವೆಂದು ಹೆಸರು. ಒಬ್ಬರಿಗಾಗಿ ಮಾಡುವ ಅಡುಗೆಯಲ್ಲಿ ಆಕೆಯಷ್ಟು ಪಳಗಿದ ಕೈ ಇನ್ನೊಂದಿರಲಿಲ್ಲ. ಆದರೆ ಅದು ಆಕೆ ಆರಿಸಿಕೊಂಡ ಏಕಾಂತವಲ್ಲ, ಸಮಾಜ ಹೊರಿಸಿದ್ದು.

ಇನ್ನು ಒಲೆಯ ವಿಚಾರಕ್ಕೆ ಬರೋಣ. ಸೌದೆ ಒಲೆಯಲ್ಲಿ ಅಡುಗೆ ಮಾಡಿದವರಿಗೆ ಗೊತ್ತಿದೆ, ಅಲ್ಲಿ ಒಬ್ಬರ ಅಡುಗೆ ಎಂಬುದು ಲೆಕ್ಕಕ್ಕೆ ಹೊಂದುವುದಿಲ್ಲ. ಪಾವು ಅಕ್ಕಿಗೂ ಊದುಕೊಳವೆ ಹಿಡಿದು ಊದಬೇಕು, ಸೇರು ಅಕ್ಕಿಗೂ ಊದಬೇಕು. ಹೊಗೆಯಂತೂ ಎರಡಕ್ಕೂ ಅಷ್ಟೇ. ಬೂದಿ ತೆಗೆಯುವ ಕೆಲಸವೂ ಅಷ್ಟೇ. ಒಬ್ಬನಿಗಾಗಿ ಹೊತ್ತಿಸಿ, ಬೇಕೆಂದಾಗ ಆರಿಸಬಹುದಾದ ಬೆಂಕಿ ಬೇಕಾಗಿತ್ತು. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಸ್ಟೌವ್ ಆ ಕೊರತೆಯನ್ನು ತುಂಬಿತು. ನಮ್ಮಲ್ಲಿ ಅದು ಪಂಪ್ ಸ್ಟೌವ್ ಆಯಿತು. ಹಿತ್ತಾಳೆಯ ಹೊಟ್ಟೆಗೆ ಸೀಮೆಎಣ್ಣೆ ತುಂಬಿ, ಬರ್ನರಿನ ಕೆಳಗಿನ ಬಟ್ಟಲಿಗೆ ಸ್ವಲ್ಪ ಸ್ಪಿರಿಟ್ ಸುರಿದು ಕಡ್ಡಿ ಗೀರಬೇಕು. ಬರ್ನರ್ ಕಾದ ಮೇಲೆ ಪಂಪು ಒತ್ತಿದರೆ, ಒಳಗಿನ ಗಾಳಿಯ ಒತ್ತಡಕ್ಕೆ ಮೇಲೇರಿದ ಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ರಂಧ್ರದಿಂದ ನುಗ್ಗಿ, ಮಸಿಯಿಲ್ಲದ ನೀಲಿ ಜ್ವಾಲೆಯಾಗಿ ಉರಿಯುತ್ತದೆ. ರಂಧ್ರ ಕಟ್ಟಿಕೊಂಡರೆ ಚುಚ್ಚಲು ತಗಡಿನ ಹಿಡಿಯ ಪಿನ್ನು. ಆ ಭುಸುಗುಟ್ಟುವ ಸದ್ದು ಒಂದು ತಲೆಮಾರಿನವರ ನೆನಪಿನಲ್ಲಿ ಊಟದ ಮುನ್ಸೂಚನೆಯಾಗಿ ಉಳಿದಿದೆ.

1910ರಲ್ಲಿ ಕಲ್ಕತ್ತೆಯ ವೈದ್ಯ ಇಂದುಮಾಧವ ಮಲ್ಲಿಕ್ ಇನ್ನೊಂದು ಸಾಧನವನ್ನು ತಂದರು, 'ಇಕ್‌ಮಿಕ್ ಕುಕ್ಕರ್'. ಕೆಳಗೆ ಇದ್ದಿಲು, ಮೇಲೆ ಒಂದರ ಮೇಲೊಂದು ಕೂರುವ ಡಬ್ಬಿಗಳು. ಅನ್ನ, ಬೇಳೆ, ಪಲ್ಯ ಎಲ್ಲವೂ ಹಬೆಯಲ್ಲಿ ತಾವಾಗಿಯೇ ಬೇಯುತ್ತಿದ್ದವು. ಹೊತ್ತಿಸಿಟ್ಟು ಕೆಲಸಕ್ಕೆ ಹೋಗಿ ಬರಬಹುದಿತ್ತು. ಒಂಟಿ ಗಂಡಸರಿಗೂ ಪ್ರಯಾಣಿಕರಿಗೂ ಅದು ವರವಾಯಿತು.

ಒಂಟಿ ವಿದ್ಯಾರ್ಥಿಯ ಅಡುಗೆಗೆ ನಮಗೆ ದೊರೆಯುವ ಪ್ರಸಿದ್ಧ ದಾಖಲೆ ಗಾಂಧೀಜಿಯವರ ಆತ್ಮಕಥೆ. 1888ರಲ್ಲಿ ಲಂಡನ್ನಿಗೆ ಹೋದ ಅವರು ಖರ್ಚು ಕಡಿಮೆ ಮಾಡಲು ಒಂದೇ ಕೋಣೆಗೆ ಬಂದು, ಒಂದು ಸ್ಟೌವ್ ಕೊಂಡರು. ಬೆಳಿಗ್ಗೆ ಓಟ್ಸ್ ಗಂಜಿ ಮತ್ತು ಕೋಕೋ, ಮಧ್ಯಾಹ್ನ ಹೊರಗೆ ಊಟ, ರಾತ್ರಿ ಕೋಣೆಯಲ್ಲೇ ಬ್ರೆಡ್ಡು ಮತ್ತು ಕೋಕೋ. ಬೆಳಗಿನ ಅಡುಗೆಗೆ ಬೇಕಾಗುತ್ತಿದ್ದುದು 20 ನಿಮಿಷ. ದಿನದ ಊಟದ ವೆಚ್ಚ 1 ಷಿಲಿಂಗ್ 3 ಪೆನ್ಸ್. ಮೊದಲು ಸಪ್ಪೆಯೆನಿಸಿದ್ದ ಬೇಯಿಸಿದ ಸೊಪ್ಪು ಆಮೇಲೆ ರುಚಿಸತೊಡಗಿತೆಂದೂ ಬರೆದಿದ್ದಾರೆ. ಇದನ್ನು ವ್ರತವೆಂದು ಓದುವುದೇ ರೂಢಿ. ಆದರೆ ತನ್ನ ಊಟವನ್ನು ತಾನೇ ತೀರ್ಮಾನಿಸಿದ 20ರ ಆಸುಪಾಸಿನ ಯುವಕನೊಬ್ಬನ ಉಲ್ಲಾಸವೂ ಆ ಪುಟಗಳಲ್ಲಿ ಇದೆಯೆಂದು ನನ್ನ ಅನಿಸಿಕೆ.

ನಮ್ಮ ನಾಡಿನಲ್ಲಿ ಈ ಕೋಣೆಯ ಅಡುಗೆಯನ್ನು ಬೆಳೆಸಿದ್ದು ಕಾಲೇಜುಗಳು. 1858ರಲ್ಲಿ ಆರಂಭವಾದ ಬೆಂಗಳೂರಿನ ಸೆಂಟ್ರಲ್ ಕಾಲೇಜು, 1916ರ ಮೈಸೂರು ವಿಶ್ವವಿದ್ಯಾನಿಲಯ, 1917ರ ಧಾರವಾಡದ ಕರ್ನಾಟಕ ಕಾಲೇಜು ಇವು ಹಳ್ಳಿಯ ಹುಡುಗರನ್ನು ಪಟ್ಟಣಕ್ಕೆ ಸೆಳೆದವು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೊಟ್ಟೆ ತುಂಬುತ್ತಿತ್ತು, ಆದರೆ ಇನ್ನೊಮ್ಮೆ ಬಡಿಸಿ ಎಂದು ಕೇಳಲು ನಾಲಗೆ ಏಳುತ್ತಿರಲಿಲ್ಲ. ಮಠಗಳ, ಸಮಾಜಗಳ ಉಚಿತ ವಿದ್ಯಾರ್ಥಿನಿಲಯಗಳು ಸಾವಿರಾರು ಮಕ್ಕಳಿಗೆ ಅನ್ನವಿಟ್ಟವು. ಧಾರವಾಡದಲ್ಲಿ ಓದುವ ಹುಡುಗರಿಗೆ ಊರಿನಿಂದ ಬಸ್ಸಿನಲ್ಲಿ ರೊಟ್ಟಿಯ ಬುತ್ತಿ ಬರುತ್ತಿತ್ತು. ಇವುಗಳಲ್ಲಿ ಯಾವುದೂ ಒದಗದವರು, ಅಥವಾ ಒಗ್ಗದವರು, ಇಬ್ಬರು ಮೂವರು ಸೇರಿ ಕೋಣೆ ಹಿಡಿದು ಸ್ಟೌವ್ ಹಚ್ಚಿದರು.

ಆ ಕೋಣೆಗಳ ಅಡುಗೆಗೆ ಬರೆದಿಟ್ಟ ಪುಸ್ತಕವಿಲ್ಲ. ಒಂದೇ ಪಾತ್ರೆ, ಅದರಲ್ಲೇ ಅಕ್ಕಿ, ಅದರಲ್ಲೇ ಬೇಳೆ. ಊರಿನಿಂದ ತಂದ ಹುಳಿಪುಡಿ, ಚಟ್ನಿಪುಡಿ, ಹಾರ್ಲಿಕ್ಸ್ ಸೀಸೆಯಲ್ಲಿ ತುಪ್ಪ. ಜೊತೆಯವರು ಊರಿಗೆ ಹೋದ ಶನಿವಾರದ ರಾತ್ರಿ ಮಾತ್ರ ಬೇರೆ. ಮಡಿವಂತರ ಮನೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಒಳಗೆ ಬರುವಂತಿರಲಿಲ್ಲ. ಕೋಣೆಯಲ್ಲಿ ಒಬ್ಬನೇ ಉಳಿದ ಹುಡುಗ ಮೊದಲು ಕೊಂಡು ತರುತ್ತಿದ್ದುದು ಅದನ್ನೇ. ತುಪ್ಪದಲ್ಲಿ ಈರುಳ್ಳಿ ಕೆಂಪಾಗಲು ಹೊತ್ತು ಬೇಕು. ಎರಡಾಣೆಯ ಸೀಮೆಎಣ್ಣೆಯನ್ನು ಹಾಗೆ ಉರಿಸುವುದೇ ಒಂದು ದುಂದು. ಕಿಟಕಿ ತೆರೆದರೆ ಮನೆಯ ಯಜಮಾನರ ಮೂಗಿಗೆ ಬಡಿಯುತ್ತದೆ, ಮುಚ್ಚಿದರೆ ಹಾಸಿಗೆಗೆ ಹಿಡಿಯುತ್ತದೆ. ಮೊಟ್ಟೆ ತಂದವನು ಅದಕ್ಕೆಂದೇ ಬೇರೆ ಪಾತ್ರೆ ಇಟ್ಟುಕೊಳ್ಳುತ್ತಿದ್ದ. ಜಾತಿಯ ಕಟ್ಟು ಸಡಿಲವಾದದ್ದು ಸಭೆಗಳಲ್ಲಿ ಎಂದು ನಾವು ಬರೆಯುತ್ತೇವೆ. ಬೀಗ ಹಾಕಿದ ಇಂಥ ಕೋಣೆಗಳಲ್ಲೂ ಅದು ಸಡಿಲವಾಗಿದೆ. ಹಾಗೆಂದು ಎಲ್ಲರಿಗೂ ಕೋಣೆ ಸಿಗುತ್ತಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಜಾತಿ ಕೇಳಿ, ಏನು ಬೇಯಿಸುವಿರಿ ಎಂದು ಕೇಳಿ ಬಾಡಿಗೆಗೆ ಕೊಡುವ ಪದ್ಧತಿ ಇಂದಿಗೂ ಅಳಿದಿಲ್ಲ.

ಮುಂದಿನದು ತ್ವರಿತವಾಗಿ ನಡೆಯಿತು. 1955ರಲ್ಲಿ ಮುಂಬಯಿಯಲ್ಲಿ ಅಡುಗೆ ಅನಿಲ ಬಂದಿತು, 1959ರ ವೇಳೆಗೆ ನಮ್ಮಲ್ಲೇ ತಯಾರಾದ ಪ್ರೆಷರ್ ಕುಕ್ಕರ್ ಬಂದಿತು, 1980ರ ದಶಕದಲ್ಲಿ ಒಬ್ಬರಿಗೆ ಒಂದರಂತೆ ಪೊಟ್ಟಣ ಕಟ್ಟಿದ ನೂಡಲ್ಸ್ ಬಂದಿತು.

ಇಷ್ಟು ಹೊತ್ತು ನಾನು 'ಅವನು' ಎಂದೇ ಹೇಳುತ್ತಿದ್ದುದನ್ನು ವಿದ್ಯಾರ್ಥಿನಿಯರು ಗಮನಿಸಿರಬಹುದು. ಹುಡುಗನಿಗೆ ಬಿಡುಗಡೆ ತಂದ ಅದೇ ಸ್ಟೌವ್ 1970 ಮತ್ತು 80ರ ದಶಕಗಳ ಪತ್ರಿಕೆಗಳಲ್ಲಿ, ಸ್ಟೌವ್ ಸಿಡಿದು ಗೃಹಿಣಿಯ ಸಾವು ಎಂಬ ಸುದ್ದಿಯಾಗಿ ಮತ್ತೆ ಮತ್ತೆ ಬಂದಿದೆ. ಅವುಗಳಲ್ಲಿ ಎಷ್ಟೋ ಅಪಘಾತಗಳಾಗಿರಲಿಲ್ಲ. ವರದಕ್ಷಿಣೆ ಸಾವನ್ನು ಪ್ರತ್ಯೇಕ ಅಪರಾಧವೆಂದು ಸಾರುವ ಕಲಮು 1986ರಲ್ಲಿ ದಂಡಸಂಹಿತೆಗೆ ಸೇರಬೇಕಾಯಿತು. ಇನ್ನು ನೆಮ್ಮದಿಯ ಮನೆಗಳಲ್ಲಿ? ಹತ್ತು ಜನರಿಗೆ ಹೋಳಿಗೆ ತಟ್ಟುವ ಕೈ, ಮನೆ ಖಾಲಿಯಾದ ದಿನ "ನನ್ನೊಬ್ಬಳಿಗೆ ಏನು ಮಾಡುವುದು" ಎಂದು ನಿನ್ನೆಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುತ್ತದೆ. ಇದನ್ನು ತ್ಯಾಗವೆಂದು ಹೊಗಳಿದವರು ಬಹಳ. ನನಗೆ ಹಾಗೆ ಹೊಗಳಲು ಮನಸ್ಸು ಬರುವುದಿಲ್ಲ.

ಈ ಪ್ರಶ್ನೆ ನಮ್ಮದು ಮಾತ್ರವಲ್ಲ. ಬ್ರಿಟನ್ನಿನ ಪತ್ರಕರ್ತೆ ಕ್ಯಾಥರೀನ್ ವೈಟ್‌ಹಾರ್ನ್ 1961ರಲ್ಲಿ, ಬಾಡಿಗೆ ಕೋಣೆಯಲ್ಲಿ ಒಂದೇ ಗ್ಯಾಸ್ ಉರಿಯ ಮೇಲೆ ಬೇಯಿಸಿಕೊಳ್ಳುವ ಒಂಟಿ ದುಡಿಮೆಗಾರರಿಗೆಂದೇ ಪುಸ್ತಕ ಬರೆದರು. ಅದು ದಶಕಗಳ ಕಾಲ ಮಾರಾಟವಾಯಿತು. ಅಮೆರಿಕದ ಜೂಡಿತ್ ಜೋನ್ಸ್ ಅವರ ಕಥೆ ಇನ್ನೂ ಹತ್ತಿರದ್ದು. ಆನ್ ಫ್ರಾಂಕಳ ದಿನಚರಿಯನ್ನು ತಿರಸ್ಕೃತ ಹಸ್ತಪ್ರತಿಗಳ ರಾಶಿಯಿಂದ ಎತ್ತಿ ಪ್ರಕಟಣೆಗೆ ದಾರಿ ಮಾಡಿದ ಸಂಪಾದಕಿ ಈಕೆ. 1996ರಲ್ಲಿ ಪತಿ ತೀರಿಕೊಂಡಾಗ, ಇನ್ನು ತನ್ನೊಬ್ಬಳಿಗಾಗಿ ಅಡುಗೆ ಮಾಡುವುದರಲ್ಲಿ ಸುಖವಿದ್ದೀತೇ ಎಂಬ ಸಂದೇಹ ಅವರಿಗೆ ಬಂದಿತು. ಮಾಡಿ ನೋಡಿದರು, ಸುಖವಿತ್ತು. 2009ರಲ್ಲಿ, 85ನೆಯ ವಯಸ್ಸಿನಲ್ಲಿ, ಒಬ್ಬರಿಗಾಗಿ ಅಡುಗೆ ಮಾಡುವ ಸಂತೋಷವನ್ನೇ ವಿಷಯವಾಗಿಸಿ ಪುಸ್ತಕ ತಂದರು.

ನಮ್ಮಲ್ಲಿ 2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕಳೆಯುತ್ತಿದ್ದರು. ಆ 299ರಲ್ಲಿ ತನ್ನೊಬ್ಬಳಿಗಾಗಿ ಒಲೆ ಹಚ್ಚಿದ ನಿಮಿಷಗಳೆಷ್ಟು ಎಂಬುದನ್ನು ಆ ಲೆಕ್ಕ ಬಿಡಿಸಿ ತೋರಿಸುವುದಿಲ್ಲ. ಅದನ್ನು ನೀವೇ ಕೇಳಿ ತಿಳಿಯಬೇಕು. ಈ ರಜೆಯಲ್ಲಿ ನಿಮ್ಮ ಅಜ್ಜಿಯನ್ನೋ ತಾಯಿಯನ್ನೋ ಕೂರಿಸಿಕೊಂಡು ಕೇಳಿ: ಮನೆಯಲ್ಲಿ ಯಾರೂ ಇಲ್ಲದ ದಿನ ನಿನಗೆ ಇಷ್ಟವಾದದ್ದನ್ನು ನೀನೊಬ್ಬಳೇ ಮಾಡಿಕೊಂಡು ತಿಂದದ್ದು ಯಾವಾಗ? ಏನು ಮಾಡಿದೆ? ಯಾವ ಒಲೆ, ಯಾವ ಪಾತ್ರೆ? ಮೊದಲು ನಕ್ಕು ಮಾತು ಮರೆಸುತ್ತಾರೆ. ಎರಡನೆಯ ಸಲ ಕೇಳಿ, ಇಸವಿಯೊಂದಿಗೆ ಬರೆದಿಟ್ಟುಕೊಳ್ಳಿ.