ರಿಜಿಸ್ಟ್ರಾರ್ ಪದವಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರು

ಬಿ. ಎಂ. ಶ್ರೀಕಂಠಯ್ಯನವರ ಹೆಸರನ್ನೆತ್ತಿದೊಡನೆ ವಿದ್ವಾಂಸರ ಮನಸ್ಸಿಗೆ ಬರುವುದು ‘ಇಂಗ್ಲಿಷ್ ಗೀತಗಳು’. ಅದರಿಂದ ಹೊಸಗನ್ನಡ ಕವಿತೆಯ ನಡೆ ಹೇಗೆ ಬದಲಾಯಿತೆಂಬ ವಿಚಾರ. ಇದು ನ್ಯಾಯವೇ ಸರಿ. ಆದರೆ 1926ರಿಂದ 1930ರವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರೆಂಬ ಸಂಗತಿಯನ್ನು ಸಾಹಿತ್ಯ ಚರಿತ್ರಕಾರರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಆ ಕಾರ್ಯಾಲಯದ ದಿನಗಳನ್ನು ಕೈಬಿಟ್ಟು ಕನ್ನಡ ಅಧ್ಯಯನದ ಚರಿತ್ರೆಯನ್ನು ಬರೆಯಲಾಗದೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

ವಿಶ್ವವಿದ್ಯಾನಿಲಯವು ಸ್ಥಾಪಿತವಾದದ್ದು 1916ರಲ್ಲಿ. ಅದರ ಮೊದಲ ಉಪಕುಲಪತಿಗಳಾದ ಎಚ್. ವಿ. ನಂಜುಂಡಯ್ಯನವರೇ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಆಗಿದ್ದರು. ಹೀಗಿದ್ದರೂ ಕನ್ನಡದಲ್ಲಿ ಎಂ. ಎ. ತರಗತಿ ಏರ್ಪಡಲು 1927ರವರೆಗೆ ಕಾಯಬೇಕಾಯಿತು. ಅಷ್ಟರಮಟ್ಟಿಗೆ, ನಾಡಿನ ನುಡಿಯು ತನ್ನ ಮನೆಯಲ್ಲಿಯೇ ನಡುಮನೆಯನ್ನು ಸೇರದೆ ಜಗಲಿಯಲ್ಲಿ ಕುಳಿತಿತ್ತು. ಆ ವ್ಯವಸ್ಥೆ ನಡೆದಾಗ ಉಪಕುಲಪತಿಗಳಾಗಿದ್ದವರು ವಂಗದೇಶದ ದಾರ್ಶನಿಕ ಬ್ರಜೇಂದ್ರನಾಥ ಶೀಲರು. ರಿಜಿಸ್ಟ್ರಾರರು, 1909ರಿಂದ ಮಹಾರಾಜರ ಕಾಲೇಜಿನಲ್ಲಿ ಇಂಗ್ಲಿಷನ್ನು ಬೋಧಿಸುತ್ತಿದ್ದ ಶ್ರೀಕಂಠಯ್ಯನವರು. ಒಬ್ಬರ ಮಾತೃಭಾಷೆ ಬಂಗಾಳಿ, ಇನ್ನೊಬ್ಬರ ವೃತ್ತಿ ಇಂಗ್ಲಿಷ್! ಕನ್ನಡಕ್ಕೆ ಒದಗಿದ ಭಾಗ್ಯ ಕೆಲವೊಮ್ಮೆ ಇಂತಹ ದಾರಿಗಳಿಂದಲೇ ಬಂದಿದೆ.

ಒಂದು ಭಾಷೆಗೆ ಉನ್ನತ ತರಗತಿಯನ್ನು ತೆರೆಯುವುದೆಂದರೆ ಆಜ್ಞೆಯೊಂದನ್ನು ಹೊರಡಿಸಿದಷ್ಟು ಸುಲಭವಲ್ಲ. ಪಠ್ಯಕ್ರಮ ಬೇಕು, ಪರೀಕ್ಷಕರು ಬೇಕು, ಆಯವ್ಯಯದಲ್ಲಿ ಹಣ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ವಿದ್ಯಾರ್ಥಿಯ ಕೈಗೆ ಕೊಡಲು ಅಚ್ಚಾದ ಗ್ರಂಥಗಳು ಬೇಕು. ಕವಿಗಳ ಕಾಲವಿಚಾರಕ್ಕೆ ಆಧಾರವಾದ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರನೆಯ ಸಂಪುಟವೇ ಹೊರಬಂದದ್ದು 1929ರಲ್ಲಿ. ಅಂದರೆ ಶಾಸ್ತ್ರವೂ ಅದನ್ನು ಕಲಿಸುವ ಶಾಲೆಯೂ ಜೊತೆಜೊತೆಯಾಗಿ ಕಟ್ಟಲ್ಪಡುತ್ತಿದ್ದುವು. ಕನ್ನಡದ ಮೊದಲ ಪ್ರಾಧ್ಯಾಪಕರೆಂಬ ಗೌರವ ಟಿ. ಎಸ್. ವೆಂಕಣ್ಣಯ್ಯನವರಿಗೆ ಸಂದಿತು. 1929ರಲ್ಲಿ ಎಂ. ಎ. ಮುಗಿಸಿದ ಕೆ. ವಿ. ಪುಟ್ಟಪ್ಪನವರು ಅದೇ ವರ್ಷ ಮಹಾರಾಜರ ಕಾಲೇಜಿನಲ್ಲಿ ಅಧ್ಯಾಪಕರಾದರು. ಮುಂದೆ 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದರು. ಈ ಒಂದು ನಿದರ್ಶನವೇ ಆ ಏರ್ಪಾಡಿನ ಫಲವನ್ನು ತಿಳಿಸಲು ಸಾಕು.

ಕಚೇರಿಯ ಕಾಗದಪತ್ರಗಳು ಕವಿಯನ್ನು ನುಂಗಿದುವೆಂದು ವ್ಯಥೆಪಡುವವರುಂಟು. ಈ ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಅವರ ಪಾಂಡಿತ್ಯವನ್ನು ನೋಡಿದರೆ ಬರೆದದ್ದು ಕಡಿಮೆಯೇ. ಆದರೂ ಗ್ರೀಕ್ ರುದ್ರನಾಟಕದ ಗಾಂಭೀರ್ಯವನ್ನು ಕನ್ನಡಕ್ಕೆ ತಂದ ‘ಅಶ್ವತ್ಥಾಮನ್’ 1929ರಲ್ಲಿ, ಆ ಅಧಿಕಾರಾವಧಿಯಲ್ಲಿಯೇ, ಪ್ರಕಟವಾಯಿತೆಂಬುದನ್ನು ಮರೆಯಬಾರದು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ: ಓದಬಲ್ಲವರನ್ನು ಸಿದ್ಧಪಡಿಸದೆ ಇನ್ನೆರಡು ನಾಟಕಗಳನ್ನು ಬರೆದಿದ್ದರೆ ಅವು ಯಾರ ಕೈ ಸೇರುತ್ತಿದ್ದುವು?

1930ರ ಮೇಲೆ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಇಂಗ್ಲಿಷ್ ಪ್ರಾಧ್ಯಾಪಕರಾಗಿ ಹೋದರು. ಆಡಳಿತದ ಅಭ್ಯಾಸ ಮಾತ್ರ ಬಿಡಲಿಲ್ಲ. ಪರಿಷತ್ತಿನ ಉಪಾಧ್ಯಕ್ಷರಾಗಿ ಪರೀಕ್ಷೆಗಳು, ಅಚ್ಚುಕೂಟ, ‘ಕನ್ನಡ ನುಡಿ’ ಇವುಗಳಿಗಾಗಿ ದುಡಿದರು. ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಸಂಪಾದನಕಾರ್ಯದಲ್ಲಿಯೂ ಹೆಗಲು ಕೊಟ್ಟರು. ಕೊನೆಗೆ ಧಾರವಾಡದ ಕಾಲೇಜೊಂದರ ಪ್ರಿನ್ಸಿಪಾಲರಾಗಿದ್ದು, 1946ನೆಯ ಜನವರಿ 5ರಂದು ಅಲ್ಲಿಯೇ ತೀರಿಕೊಂಡರು. ಆ ನಿಘಂಟು ಅಚ್ಚಾಗಿ ಹೊರಬಂದದ್ದೂ ಅದೇ ವರ್ಷದಲ್ಲಿ.