ಸ್ಕೂಬಾ ಸಿಲಿಂಡರ್ ಬಲೆ

ಸ್ಕೂಬಾ ಸಿಲಿಂಡರ್ ಬಲೆ ಎಂಬುದು ಮುಳುಗುಗಾರರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರಿಗೆ ತೊಡಿಸುವ ಕೊಳವೆಯಾಕಾರದ ಬಲೆಯ ಹೊದಿಕೆ. ಸಾಗಿಸುವಾಗ ಮತ್ತು ಬಳಸುವಾಗ ಸಿಲಿಂಡರಿನ ಬಣ್ಣವು ಉಜ್ಜಿ ಹೋಗದಂತೆ ತಡೆಯುವುದು ಇದರ ಮುಖ್ಯ ಉದ್ದೇಶ. ಬಲೆಯು ಸಿಲಿಂಡರಿನ ಒತ್ತಡ ತಾಳುವ ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ. ಬಲವಾದ ಪೆಟ್ಟಿನಿಂದ ಅದನ್ನು ರಕ್ಷಿಸುವುದೂ ಇಲ್ಲ.

ಹಿನ್ನೆಲೆ

ಸ್ಕೂಬಾ ಸಿಲಿಂಡರುಗಳನ್ನು ಉಕ್ಕು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದಿಂದ ತಯಾರಿಸಲಾಗುತ್ತದೆ. ವ್ಯಾಪಕ ಬಳಕೆಯಲ್ಲಿರುವ ‘ಅಲ್ಯೂಮಿನಿಯಂ 80’ ಮಾದರಿಯ ಒಳಗಾತ್ರ ಸುಮಾರು 11.1 ಲೀಟರ್, ಹೊರವ್ಯಾಸ ಸುಮಾರು 184 ಮಿ.ಮೀ. ಇದರಲ್ಲಿ 207 ಬಾರ್ ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿಯನ್ನು ತುಂಬಬಹುದು. ಇಷ್ಟು ಒತ್ತಡವನ್ನು ಹಿಡಿದಿಡುವ ಗೋಡೆಯಲ್ಲಿ ತುಕ್ಕಿನಿಂದ ಉಂಟಾಗುವ ಆಳವಾದ ಗುಳಿಗಳು ಅಪಾಯಕಾರಿ. ಉಕ್ಕಿನ ಸಿಲಿಂಡರಿನಲ್ಲಿ ಬಣ್ಣ ಅಥವಾ ಸತುವಿನ ಲೇಪ ಕಿತ್ತುಹೋದೆಡೆ ಉಪ್ಪುನೀರು ತಗುಲಿ ಬೇಗನೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಮೇಲೆ ತಾನಾಗಿಯೇ ಆಕ್ಸೈಡಿನ ರಕ್ಷಕ ಪದರವೊಂದು ಮೂಡುತ್ತದೆಯಾದರೂ, ಉಪ್ಪುನೀರು ಬಹುಕಾಲ ನಿಂತಲ್ಲಿ ಅದೂ ಗುಳಿಬೀಳುತ್ತದೆ. ಬಣ್ಣವನ್ನು ಉಳಿಸಿಕೊಳ್ಳುವುದು ಕೇವಲ ಅಂದದ ವಿಷಯವಾಗಿರದೆ ಸಿಲಿಂಡರಿನ ಬಾಳಿಕೆಗೂ ಸಂಬಂಧಿಸಿರುವುದು ಈ ಕಾರಣದಿಂದ.

ರಚನೆ

ಬಲೆಯನ್ನು ಸವೆತ ತಾಳುವ ನೈಲಾನ್ ಅಥವಾ ಅಂತಹ ಇತರ ಕೃತಕ ವಸ್ತುವಿನಿಂದ ಮಾಡಲಾಗುತ್ತದೆ. ಕಣ್ಣುಗಳು ಸಾಮಾನ್ಯವಾಗಿ ವಜ್ರಾಕೃತಿಯಲ್ಲಿರುತ್ತವೆ. ಉದ್ದಕ್ಕೆ ಕುಗ್ಗಿಸಿದಾಗ ಬಲೆಯ ವ್ಯಾಸ ಹಿಗ್ಗುತ್ತದೆ. ಉದ್ದಕ್ಕೆ ಎಳೆದಾಗ ವ್ಯಾಸ ಕುಗ್ಗಿ ಸಿಲಿಂಡರನ್ನು ಬಿಗಿಯಾಗಿ ಅಪ್ಪುತ್ತದೆ. ಹಣ್ಣಿನ ಅಂಗಡಿಗಳಲ್ಲಿ ಪೇರು, ಸೇಬುಗಳಿಗೆ ತೊಡಿಸಿರುವ ನೊರೆಬಲೆಯೂ ಇದೇ ತತ್ತ್ವದ ಮೇಲೆ ನಿಲ್ಲುತ್ತದೆ.

ದುಂಡು ತಳದ ಉಕ್ಕಿನ ಸಿಲಿಂಡರುಗಳು ನೆಟ್ಟಗೆ ನಿಲ್ಲಲು ರಬ್ಬರ್ ಅಥವಾ ಪ್ಲಾಸ್ಟಿಕ್ಕಿನ ತಳದ ಬೂಟು ಬೇಕಾಗುತ್ತದೆ. ಅಲ್ಯೂಮಿನಿಯಂ ಸಿಲಿಂಡರುಗಳ ತಳ ಚಪ್ಪಟೆಯಾಗಿರುವುದರಿಂದ ಅವುಗಳಿಗೆ ಬೂಟು ಕಡ್ಡಾಯವಲ್ಲ. ಆದರೂ ನೆಲ ಮತ್ತು ತಳದ ರಕ್ಷಣೆಗಾಗಿ ಹಾಕುವುದುಂಟು.

ಅಳವಡಿಸುವ ವಿಧಾನ

1. ಬೂಟು ಇದ್ದಲ್ಲಿ ಅದನ್ನು ಕಳಚಿ, ಸಿಲಿಂಡರನ್ನು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಲಾಗುತ್ತದೆ. ಮರಳು ಅಥವಾ ಉಪ್ಪು ಉಳಿದರೆ ಅದು ಬಲೆಯಡಿಯಲ್ಲೇ ಸಿಕ್ಕಿಬಿದ್ದು ಬಣ್ಣವನ್ನು ಉಜ್ಜುತ್ತದೆ.
2. ಸಿಲಿಂಡರಿನ ವ್ಯಾಸಕ್ಕೆ ಹೊಂದುವ ಬಲೆಯನ್ನು ಆರಿಸಿ, ಅಗತ್ಯಕ್ಕಿಂತ ತುಸು ಉದ್ದವಾಗಿ ಕತ್ತರಿಸಲಾಗುತ್ತದೆ. ಎಳೆ ಬಿಚ್ಚದಂತೆ ತುದಿಯನ್ನು ಕಾಯಿಸಿ ಅಂಟಿಸುವುದಾದರೆ ಆ ಕೆಲಸವನ್ನು ಸಿಲಿಂಡರಿನಿಂದ ದೂರದಲ್ಲಿ, ತೊಡಿಸುವ ಮೊದಲೇ ಮುಗಿಸಬೇಕು. ಅಧಿಕ ಶಾಖವು ಅಲ್ಯೂಮಿನಿಯಂ ಮಿಶ್ರಲೋಹದ ಬಲವನ್ನು ಕುಂದಿಸುತ್ತದೆ.
3. ಬಲೆಯನ್ನು ಉದ್ದಕ್ಕೆ ಕುಗ್ಗಿಸಿ ಹಿಗ್ಗಿಸಿ, ತಳದ ಕಡೆಯಿಂದ ಮೇಲಕ್ಕೆ ತೊಡಿಸಿ, ಬಳಿಕ ಎರಡೂ ತುದಿಗಳನ್ನು ಎಳೆದು ಬಿಗಿಗೊಳಿಸಲಾಗುತ್ತದೆ.
4. ಕೆಳತುದಿಯನ್ನು ತಳಕ್ಕೆ ಮಡಚಿ ಅದರ ಮೇಲೆ ಬೂಟನ್ನು ಕೂರಿಸಲಾಗುತ್ತದೆ.
5. ಮೇಲ್ತುದಿಯು ಸಿಲಿಂಡರಿನ ಭುಜಕ್ಕಿಂತ ಕೆಳಗೇ ನಿಲ್ಲಬೇಕು. ಭುಜದ ಮೇಲೆ ಅಚ್ಚೊತ್ತಿದ ಗುರುತುಗಳು ಕಾಣುವಂತಿರಬೇಕು. ಬಲೆಯ ಎಳೆ ಕವಾಟಕ್ಕೆ ತೊಡಕಾಗಬಾರದು.

ಬಲೆ ತೊಡಿಸಿದ ಬಳಿಕ ಜಾಕೆಟ್ಟಿನ ಪಟ್ಟಿಯ ಹಿಡಿತವನ್ನು ಮರುಪರೀಕ್ಷಿಸುವುದು ಅಗತ್ಯ. ನಯವಾದ ಎಳೆಗಳ ಮೇಲೆ ಪಟ್ಟಿ ಜಾರಬಹುದು. ನೈಲಾನ್ ಪಟ್ಟಿ ಒದ್ದೆಯಾದಾಗ ಸಡಿಲಗೊಳ್ಳುವುದರಿಂದ ಅದನ್ನು ಮೊದಲು ನೆನೆಸಿ ಬಿಗಿಯಲಾಗುತ್ತದೆ. ಬಳಿಕ ಜಾಕೆಟ್ಟನ್ನು ಹಿಡಿದೆತ್ತಿ, ಸಿಲಿಂಡರ್ ಕೆಳಗೆ ಜಾರುತ್ತದೆಯೇ ಎಂದು ನೋಡಲಾಗುತ್ತದೆ.

ಅನನುಕೂಲಗಳು

ಬಲೆ ಮತ್ತು ಬೂಟಿನ ಅಡಿಯಲ್ಲಿ ತೇವ ಹಾಗೂ ಉಪ್ಪು ಉಳಿದುಕೊಳ್ಳುತ್ತವೆ. ಬಣ್ಣವನ್ನು ಕಾಯಬೇಕಾದ ಹೊದಿಕೆಯೇ ತುಕ್ಕನ್ನು ಪೋಷಿಸಿ, ಅದನ್ನು ಕಣ್ಣಿಗೆ ಮರೆಮಾಡುವ ಸಾಧ್ಯತೆ ಹೀಗೆ ಉಂಟಾಗುತ್ತದೆ. ಬಲೆ ಮತ್ತು ಬೂಟು ಕೂಡುವ ಅಂಚಿನಲ್ಲಿ ಈ ಅಪಾಯ ಹೆಚ್ಚು. ಬಲೆಯ ಕಣ್ಣುಗಳಿಗೆ ಮೀನುಗಾಳ ಹಾಗೂ ಗಾಳದ ದಾರ ಸಿಕ್ಕಿಕೊಳ್ಳಬಹುದಾದ್ದರಿಂದ, ಗುಹೆ ಮತ್ತು ಮುಳುಗಿದ ಹಡಗುಗಳ ಒಳಹೊಕ್ಕುವವರು ಸಾಮಾನ್ಯವಾಗಿ ಬಲೆಯನ್ನು ಬಳಸುವುದಿಲ್ಲ.

ತಪಾಸಣೆ ಮತ್ತು ಕಾನೂನು

ಭಾರತದಲ್ಲಿ ಅನಿಲ ಸಿಲಿಂಡರುಗಳ ತಯಾರಿಕೆ, ಭರ್ತಿ ಮತ್ತು ಪರೀಕ್ಷೆಗಳು 1884ರ ಸ್ಫೋಟಕಗಳ ಕಾಯ್ದೆಯಡಿ ರೂಪಿಸಲಾದ ಅನಿಲ ಸಿಲಿಂಡರ್ ನಿಯಮಗಳು, 2016ಕ್ಕೆ ಒಳಪಟ್ಟಿವೆ. ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯು (ಪೆಸೊ) ಇವುಗಳ ಉಸ್ತುವಾರಿ ನೋಡಿಕೊಳ್ಳುತ್ತದೆ. ಸಿಲಿಂಡರುಗಳಿಗೆ ನಿಗದಿತ ಅವಧಿಗೊಮ್ಮೆ ಜಲಒತ್ತಡ ಪರೀಕ್ಷೆ ನಡೆಸಿ ದಿನಾಂಕವನ್ನು ಅಚ್ಚೊತ್ತಲಾಗುತ್ತದೆ. ಸ್ಕೂಬಾ ವಲಯದಲ್ಲಿ ಇದರ ಜೊತೆಗೆ ವರ್ಷಕ್ಕೊಮ್ಮೆ ಒಳಹೊರಗಿನ ದೃಶ್ಯ ತಪಾಸಣೆ ರೂಢಿಯಲ್ಲಿದೆ. ಬಲೆ ಮತ್ತು ಬೂಟುಗಳನ್ನು ಕಳಚದೆ ಮಾಡಿದ ಹೊರ ತಪಾಸಣೆ ಅಪೂರ್ಣ.

ಕರ್ನಾಟಕದಲ್ಲಿ

ಕರ್ನಾಟಕದ ಪ್ರಮುಖ ಸ್ಕೂಬಾ ತಾಣವೆಂದರೆ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನ ನೇತ್ರಾಣಿ ದ್ವೀಪ. ಇದು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದಲ್ಲಿದೆ. ಅಲ್ಲಿಗೆ ದೋಣಿಯಲ್ಲೇ ಸಾಗಬೇಕಾದ್ದರಿಂದ ಸಿಲಿಂಡರುಗಳು ಅಲೆಯ ಹೊಯ್ದಾಟಕ್ಕೆ ಒಂದಕ್ಕೊಂದು ಉಜ್ಜದಂತೆ ನೋಡಿಕೊಳ್ಳಬೇಕಾಗುತ್ತದೆ. ಬಲೆ ತೊಡಿಸಿದ್ದರೂ ಅವುಗಳನ್ನು ಕಟ್ಟಿಡುವುದು ತಪ್ಪುವುದಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಕಡಲು ಪ್ರಕ್ಷುಬ್ಧವಾಗಿ ಮುಳುಗು ಚಟುವಟಿಕೆ ನಿಲ್ಲುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಸಿಲಿಂಡರುಗಳನ್ನು ತಿಂಗಳುಗಟ್ಟಲೆ ಇರಿಸುವ ಮುನ್ನ ಬಲೆಯನ್ನು ಕಳಚಿ, ತೊಳೆದು, ಒಣಗಿಸಿಡುವುದು ಸೂಕ್ತ.

ಬೆಂಗಳೂರಿನ ಜೆ.ಪಿ. ನಗರದಂತಹ ಬಡಾವಣೆಗಳಿಂದ ಮುರುಡೇಶ್ವರಕ್ಕೆ ರಸ್ತೆಯಲ್ಲಿ ಸುಮಾರು 500 ಕಿ.ಮೀ. ಕ್ರಮಿಸಬೇಕು. ಕಡಲಿನಿಂದ ದೂರವಿರುವ ಊರುಗಳಲ್ಲಿ ಸ್ಕೂಬಾ ಕಲಿಕೆಯ ಮೊದಲ ಹಂತವು ಈಜುಕೊಳದಲ್ಲೇ ನಡೆಯುತ್ತದೆ. ಅಲ್ಲಿ ಬೂಟು ಮತ್ತು ಬಲೆಗಳು ಸಿಲಿಂಡರಿನ ಬಣ್ಣದ ಜೊತೆಗೆ ಕೊಳದ ಹೆಂಚುಗಳನ್ನೂ ಕಾಯುತ್ತವೆ. ಕೊಳದ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಸಿಹಿನೀರಿನಿಂದ ತೊಳೆಯುವ ಕ್ರಮ ಅಲ್ಲಿಯೂ ಅನ್ವಯಿಸುತ್ತದೆ.

ಇವನ್ನೂ ನೋಡಿ

ಸ್ಕೂಬಾ ಡೈವಿಂಗ್
ನೇತ್ರಾಣಿ ದ್ವೀಪ
ಮುರುಡೇಶ್ವರ